ಮುಂಗಡ ಕೊಡುವ ಮುನ್ನ ದೋಣಿಯ ಬೆನ್ನು ನೋಡಿ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ತುಂಗಭದ್ರಾ ದಂಡೆಯ ಊರು. ಮೀನು ಹಿಡಿಯುವುದಕ್ಕೂ, ರಜಾ ದಿನಗಳಲ್ಲಿ ಗಳಗನಾಥ, ಚೌಡದಾನಪುರಗಳ ಕಡೆ ಬರುವವರನ್ನು ಹೊಳೆಯಲ್ಲಿ ಒಂದು ಸುತ್ತು ಕರೆದೊಯ್ಯುವುದಕ್ಕೂ ದೋಣಿ ಬೇಕಾಗಿದೆ. ಕರಾವಳಿಯ ಒಬ್ಬರು 16 ಅಡಿಯ ಹಳೆಯ ಫೈಬರ್ ದೋಣಿಯನ್ನು 15 ಎಚ್‌ಪಿ ಔಟ್‌ಬೋರ್ಡ್ (ಹಿಂಬದಿಗೆ ಹೊರಗಿನಿಂದ ಬಿಗಿಯುವ) ಮೋಟರ್ ಸಹಿತ 1,85,000 ರೂಪಾಯಿಗೆ ಕೊಡುತ್ತೇನೆಂದಿದ್ದಾರೆ. ಫೋಟೊ, ವಿಡಿಯೊ ಕಳುಹಿಸಿದ್ದಾರೆ, ಹೊಸದಾಗಿ ಬಣ್ಣ ಹೊಡೆಸಿದ್ದಾರೆ. ಮೋಟರಿನ ಬಿಲ್ಲು ಬೇರೆಯವರ ಹೆಸರಿನಲ್ಲಿದೆ. ಬೇರೆ ಗಿರಾಕಿಗಳು ಕಾಯುತ್ತಿದ್ದಾರೆ, 25,000 ಮುಂಗಡ ಹಾಕಿ ಎನ್ನುತ್ತಿದ್ದಾರೆ. ದೋಣಿ ಚೆನ್ನಾಗಿದೆಯೇ ಎಂದು ತಿಳಿಯುವುದು ಹೇಗೆ? ಮೋಸವಾದರೆ ಎಲ್ಲಿ ದೂರು ಕೊಡಬೇಕು?

ಉತ್ತರ: ಮೊದಲು ಒಂದು ಮಾತು. ಆ 25,000 ರೂಪಾಯಿಯನ್ನು ಈಗ ಹಾಕಬೇಡಿ. ಮಾರುವವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ಬಹುಮಟ್ಟಿಗೆ ಅವರೂ ನಿಮ್ಮಂತೆಯೇ ದುಡಿದು ತಿನ್ನುವವರಿರಬಹುದು. ಆದರೆ ನೀವು ಬರೆದ ನಾಲ್ಕೈದು ಸಾಲುಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿಗಳು ಮೂರಿವೆ: ಹೊಸ ಬಣ್ಣ, ಬೇರೆಯವರ ಹೆಸರಿನ ಬಿಲ್ಲು ಮತ್ತು ಅವಸರ. ಈ ಮೂರರಲ್ಲಿ ಒಂದೇ ಇದ್ದರೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕರಾವಳಿಯ ದೋಣಿ ಯಾರ್ಡುಗಳಲ್ಲಿ ಹಲವು ವರ್ಷ ಕೆಲಸ ಮಾಡಿ ಈಗ ಹುಬ್ಬಳ್ಳಿಯಲ್ಲಿ ನೆಲೆಸಿರುವ ನನಗೆ, ಇವು ಮೂರೂ ಕೂಡಿ ಬಂದ ವ್ಯವಹಾರಗಳು ಹೇಗೆ ಮುಗಿದವೆಂಬುದು ಚೆನ್ನಾಗಿ ನೆನಪಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಅರ್ಥವಾದರೆ ಮೊದಲನೆಯದನ್ನು ನಾನು ಏಕೆ ಇಷ್ಟು ಉದ್ದ ಬರೆದಿದ್ದೇನೆಂಬುದು ತಾನಾಗಿಯೇ ತಿಳಿಯುತ್ತದೆ. ಅಂಗಡಿಯಲ್ಲಿ ಮಿಕ್ಸರ್ ಕೊಂಡು ಅದು ಕೆಟ್ಟರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇರುವುದು ವ್ಯಾಪಾರಿಯ ಮೇಲೆ, ತಯಾರಕನ ಮೇಲೆ, ಸೇವೆ ಕೊಡುವವನ ಮೇಲೆ ದೂರು ಹೇಳುವುದಕ್ಕೆ. ತನ್ನ ಸ್ವಂತದ ಒಂದು ದೋಣಿಯನ್ನು ಒಮ್ಮೆ ಮಾರುವ ಖಾಸಗಿ ವ್ಯಕ್ತಿ ವ್ಯಾಪಾರಿಯಾಗುವುದಿಲ್ಲವಾದ್ದರಿಂದ ಆ ಬಾಗಿಲು ನಿಮಗೆ ಮುಚ್ಚಿದಂತೆಯೇ. ಉಳಿಯುವುದು 1930ರ ಸರಕು ಮಾರಾಟ ಕಾಯ್ದೆ ಮತ್ತು 1872ರ ಕರಾರು ಕಾಯ್ದೆ. ಮಾರುವವನಿಗೆ ಮಾರುವ ಹಕ್ಕು ಇರಬೇಕೆಂಬ ಷರತ್ತು ಸರಕು ಮಾರಾಟ ಕಾಯ್ದೆಯ 14ನೇ ಕಲಮಿನಲ್ಲಿ ತಾನಾಗಿಯೇ ಸೇರಿರುತ್ತದೆ, ಅದು ನಿಮ್ಮ ಪರವಾಗಿದೆ. ಆದರೆ ಸರಕಿನ ಗುಣಮಟ್ಟದ ವಿಷಯಕ್ಕೆ ಬಂದಾಗ ಅದೇ ಕಾಯ್ದೆಯ 16ನೇ ಕಲಮು, ಆ ಬಗೆಯ ಸರಕಿನ ವ್ಯಾಪಾರ ಮಾಡದ ಸಾಮಾನ್ಯ ಮಾರಾಟಗಾರನ ಮೇಲೆ ಇಂಥದ್ದೇ ಗುಣಮಟ್ಟವಿರಬೇಕೆಂಬ ಹೊಣೆಯನ್ನು ತಾನಾಗಿ ಹೊರಿಸುವುದಿಲ್ಲ. ಕೊಳ್ಳುವವನೇ ಕಣ್ಣು ತೆರೆದು ಕೊಳ್ಳಬೇಕು.

ಸುಳ್ಳು ಹೇಳಿ ಮಾರಿದರೆ ಎಂದು ನೀವು ಕೇಳಬಹುದು. ಸುಳ್ಳು ಹೇಳಿ ಪಡೆದ ಒಪ್ಪಿಗೆಯನ್ನು ರದ್ದುಪಡಿಸಲು ಕರಾರು ಕಾಯ್ದೆ ಅವಕಾಶ ಕೊಡುತ್ತದೆ. ಆದರೆ ಅದರ 19ನೇ ಕಲಮಿನಲ್ಲಿ ಒಂದು ವಿನಾಯಿತಿಯಿದೆ, ಅದನ್ನು ಬಹಳ ಜನ ಓದಿರುವುದಿಲ್ಲ. ಮಾರುವವನು ತಪ್ಪು ತಿಳಿದು ತಪ್ಪು ಹೇಳಿದ್ದರೆ, ಅಥವಾ ಹೇಳಬೇಕಾದುದನ್ನು ಹೇಳದೆ ಸುಮ್ಮನಿದ್ದರೆ, ಮತ್ತು ನೀವು ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ನಿಜ ತಿಳಿದುಕೊಳ್ಳುವ ಸಾಧನ ನಿಮ್ಮ ಕೈಯಲ್ಲಿಯೇ ಇದ್ದಿದ್ದರೆ, ಕರಾರು ರದ್ದಾಗುವುದಿಲ್ಲ. ಎಂದರೆ, ನೋಡಬಹುದಾಗಿದ್ದ ಬಿರುಕನ್ನು ನೋಡದೆ ಕೊಂಡು, ಅವರು ಹೇಳಲಿಲ್ಲ ಎಂದು ಆಮೇಲೆ ನ್ಯಾಯಾಲಯಕ್ಕೆ ಹೋದರೆ ನಿಮ್ಮ ಕೈ ಬಲವಾಗಿರುವುದಿಲ್ಲ. ಪೊಲೀಸರ ಬಳಿ ಹೋದರೆ ವಂಚನೆಯ ಉದ್ದೇಶ ಮೊದಲಿನಿಂದಲೂ ಇತ್ತೆಂದು ತೋರಿಸಬೇಕಾಗುತ್ತದೆ, ಇಲ್ಲವಾದರೆ ಇದು ಸಿವಿಲ್ ವ್ಯಾಜ್ಯ ಎಂಬ ಉತ್ತರ ಸಿಗುತ್ತದೆ. ಸಿವಿಲ್ ದಾವೆಯೆಂದರೆ ಪ್ರತಿವಾದಿ ವಾಸಿಸುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ಹೂಡುವಂಥದ್ದು, ನಿಮ್ಮ ವಿಷಯದಲ್ಲಿ ಬಹುಶಃ ಘಟ್ಟದ ಕೆಳಗೆ. ಒಂದೊಂದು ತಾರೀಖಿಗೂ ಹಾವೇರಿಯಿಂದ ಹೋಗಿ ಬರುವ ಖರ್ಚು ಲೆಕ್ಕ ಹಾಕಿ. ಎರಡು ವರ್ಷದಲ್ಲಿ ಮೋಟರಿನ ಅರ್ಧ ಬೆಲೆ ಬಸ್ಸಿಗೇ ಹೋಗಿರುತ್ತದೆ.

ಆದ್ದರಿಂದ ನಿಮ್ಮ ರಕ್ಷಣೆಯೆಲ್ಲ ಇರುವುದು ಹಣ ಕೊಡುವ ಮುಂಚಿನ ದಿನಗಳಲ್ಲಿ. ಕೊಟ್ಟ ಮೇಲೆ ಉಳಿಯುವುದು ಅಲೆದಾಟ.

ಈಗ ಕಾಗದಪತ್ರದ ಮಾತು. ತನ್ನದಲ್ಲದ ವಸ್ತುವನ್ನು ಮಾರಿದವನಿಂದ ಕೊಂಡವನಿಗೆ ಒಡೆತನ ಬರುವುದಿಲ್ಲ ಎಂಬುದು ಸರಕು ಮಾರಾಟ ಕಾಯ್ದೆಯ 27ನೇ ಕಲಮಿನ ಮೂಲ ನಿಯಮ. ಟ್ರ್ಯಾಕ್ಟರಿಗಾದರೆ ಆರ್‌ಸಿ ಇರುತ್ತದೆ, ಸಾಲವಿದ್ದರೆ ಅದರಲ್ಲಿಯೇ ನಮೂದಾಗಿರುತ್ತದೆ, ಹೆಸರು ಬದಲಾಯಿಸಲು ಆರ್‌ಟಿಒ ಇದೆ. ನಮ್ಮ ಕಡೆಯ ಜನ ಹಳೆಯ ಟ್ರ್ಯಾಕ್ಟರ್ ಕೊಂಡು ಕೊಂಡು ಇದಕ್ಕೆ ಒಗ್ಗಿಹೋಗಿದ್ದಾರೆ. ಔಟ್‌ಬೋರ್ಡ್ ಮೋಟರಿಗೆ ಅಂಥ ಪುಸ್ತಕವಿಲ್ಲ. ಎರಡು ಕ್ಲಾಂಪು ಸಡಿಲಿಸಿದರೆ ಮೋಟರು ಹೆಗಲ ಮೇಲೆ ಬರುತ್ತದೆ, 35ರಿಂದ 50 ಕಿಲೊ ತೂಗುವ ಈ ವಸ್ತುವನ್ನು ರಾತ್ರಿ ಇಬ್ಬರು ಹೊತ್ತು ಒಯ್ಯಬಹುದು. ಅದಕ್ಕೇ ಬಿಲ್ಲು ಮುಖ್ಯ, ಬಿಲ್ಲಿಗಿಂತ ಸೀರಿಯಲ್ ನಂಬರು ಮುಖ್ಯ. ಮೋಟರನ್ನು ದೋಣಿಗೆ ಬಿಗಿಯುವ ಬ್ರಾಕೆಟ್ಟಿನ ಮೇಲೆ ಒಂದು ಸಣ್ಣ ಫಲಕ ಅಥವಾ ಸ್ಟಿಕ್ಕರ್ ಇರುತ್ತದೆ. ಅದರಲ್ಲಿರುವ ನಂಬರು ಬಿಲ್ಲಿನ ನಂಬರಿಗೆ ಅಂಕಿ ಅಂಕಿಯೂ ಹೊಂದಬೇಕು. ಫಲಕ ಕಿತ್ತುಹೋಗಿದ್ದರೆ, ಉಜ್ಜಿದ್ದರೆ, ಅಥವಾ ಅದರ ಮೇಲೆ ಬಣ್ಣ ಬಳಿದಿದ್ದರೆ ಅಲ್ಲಿಂದಲೇ ಹಿಂದಿರುಗಿ. ಉಪ್ಪುನೀರಿಗೆ ಹೋಯಿತು ಎಂಬ ಸಮಜಾಯಿಷಿ ನಿಜವೂ ಇರಬಹುದು. ಆದರೆ ನಾಳೆ ಕದ್ದ ಮಾಲೆಂದು ತಿಳಿದುಬಂದರೆ ಮೋಟರು ಜಪ್ತಿಯಾಗುತ್ತದೆ, ಹಣ ಹೋಗುತ್ತದೆ, ಕದ್ದದ್ದೆಂದು ನಂಬಲು ಕಾರಣವಿದ್ದೂ ಕೊಂಡಿರಿ ಎಂಬ ಮಾತು ಬಂದರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ನೀವೇ ಉತ್ತರ ಹೇಳಬೇಕಾಗುತ್ತದೆ. ನಾನೇ ಒಮ್ಮೆ ಫಲಕವಿಲ್ಲದ ಮೋಟರನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು, ಆರು ತಿಂಗಳ ನಂತರ ಅದರ ನಿಜವಾದ ಒಡೆಯ ನಮ್ಮ ಯಾರ್ಡಿಗೇ ರಿಪೇರಿಗೆ ಬಂದಾಗ ತಲೆ ತಗ್ಗಿಸಿ ಹಿಂದಿರುಗಿಸಿದವನು.

ಬಿಲ್ಲು ಮೂರನೆಯವರ ಹೆಸರಿನಲ್ಲಿರುವುದು ಅಷ್ಟಕ್ಕೇ ದೋಷವಲ್ಲ, ಕೈಯಿಂದ ಕೈಗೆ ಮಾರಿದ ಮಾಲಿನಲ್ಲಿ ಅದು ಸಹಜ. ಆದರೆ ಬಿಲ್ಲಿನಲ್ಲಿರುವ ವ್ಯಕ್ತಿಯಿಂದ ಈಗಿನ ಮಾರಾಟಗಾರರಿಗೆ ಹೇಗೆ ಬಂತೆಂಬುದಕ್ಕೆ ಒಂದು ಪತ್ರ ಬೇಕು, ಸಾಧ್ಯವಾದರೆ ಆ ಮೊದಲ ಒಡೆಯರೊಡನೆ ಒಂದು ಫೋನಿನ ಮಾತೂ ಆಗಬೇಕು. ಜೊತೆಗೆ ದೋಣಿಯ ಮೈಮೇಲೆ ಐಎನ್‌ಡಿ-ಕೆಎ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ, ಅಥವಾ ಇದ್ದದ್ದನ್ನು ಹೊಸ ಬಣ್ಣದಡಿ ಮುಚ್ಚಲಾಗಿದೆಯೇ ಎಂದು ನೋಡಿ. ಕರಾವಳಿಯ ಮೀನುಗಾರಿಕಾ ದೋಣಿಗಳ ನೋಂದಣಿ ರಿಯಲ್‌ಕ್ರಾಫ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಆ ಸಂಖ್ಯೆ ಹಿಡಿದು ಅಲ್ಲಿಯ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಒಡೆಯರ ಹೆಸರು ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ. ಅಲ್ಲಿಯೇ ಇನ್ನೆರಡು ಸಂಗತಿ ಕೇಳಿಕೊಳ್ಳಿ: ದೋಣಿಗಾಗಲಿ ಮೋಟರಿಗಾಗಲಿ ಸರ್ಕಾರದ ಸಹಾಯಧನ ಸಂದಿದೆಯೇ, ಸಂದಿದ್ದರೆ ಮಾರಲು ಅಡ್ಡಿಯಿಲ್ಲವೆಂಬ ಬರಹ ಸಿಗುತ್ತದೆಯೇ, ಮತ್ತು ಬ್ಯಾಂಕಿನ ಅಥವಾ ಮೀನುಗಾರರ ಸಹಕಾರಿ ಸಂಘದ ಸಾಲ ಬಾಕಿಯಿದೆಯೇ. ಸಾಲವಿರುವ ದೋಣಿಯನ್ನು ನೀವು ತಂದರೆ ಸಾಲವೂ ಅದರ ಬೆನ್ನಿಗೇ ಘಟ್ಟ ಹತ್ತಿ ಬರಬಹುದು.

ಈ ಮಾರಾಟಗಾರರನ್ನು ಬಿಟ್ಟು ಹತ್ತಿರದಲ್ಲಿಯೇ ಯಾರಾದರೂ ಅಗ್ಗದ ದೋಣಿ ತೋರಿಸಿದರೆ ಇನ್ನೊಂದು ಎಚ್ಚರ. ತುಂಗಭದ್ರಾ, ವರದಾ ನದಿಗಳಲ್ಲಿ ಅಕ್ರಮವಾಗಿ ಮರಳು ಎತ್ತುವುದಕ್ಕೆ ದೋಣಿಗಳು ಬಳಕೆಯಾಗಿರುವುದು ನಿಮಗೆ ನಾನು ಹೇಳಬೇಕಾದ ಸುದ್ದಿಯಲ್ಲ. ಗಣಿ ಮತ್ತು ಖನಿಜಗಳ 1957ರ ಕಾಯ್ದೆಯಡಿ ಇಂಥ ಸಾಧನಗಳನ್ನು ಜಪ್ತಿ ಮಾಡಬಹುದು. ಒಳಮೈಯೆಲ್ಲ ಗೀರು, ಅಂಚೆಲ್ಲ ಸಲಿಕೆಯ ಪೆಟ್ಟು ತಿಂದ ದೋಣಿ ಮೀನು ಹಿಡಿದದ್ದಲ್ಲ.

ಮುಂಗಡದ ಬಗ್ಗೆ ಎರಡೇ ಮಾತು. ದೋಣಿಯನ್ನು ಕಣ್ಣಾರೆ ಕಂಡು, ಮೋಟರಿನ ನಂಬರು ಬರೆದುಕೊಂಡು, ಮಾರುವವರ ಆಧಾರ್‌ ಮತ್ತು ಬ್ಯಾಂಕ್ ಖಾತೆಯ ಹೆಸರು ಒಂದೇ ಎಂದು ಖಚಿತವಾದ ಮೇಲೆ ಖಾತೆಗೇ ಹಾಕಿ, ರಸೀದಿ ಪಡೆಯಿರಿ. ಅದೃಷ್ಟ ಕೆಟ್ಟು ಹಣ ಹಾಕಿದ ಕೂಡಲೇ ಫೋನು ಬಂದ್ ಆದರೆ, ಮರುದಿನದವರೆಗೆ ಕಾಯದೆ 1930 ಸಂಖ್ಯೆಯ ಸೈಬರ್ ಸಹಾಯವಾಣಿಗೆ ಕರೆ ಮಾಡಿ. ಮೇಲೆ ಹೇಳಿದ ಸರಕು ಮಾರಾಟ ಕಾಯ್ದೆಯ ವರ್ಷವೂ ಅದೇ ಆದ್ದರಿಂದ ನೆನಪಿಟ್ಟುಕೊಳ್ಳುವುದು ಸುಲಭ, ಎರಡರಲ್ಲಿ ಬೇಗ ಕೆಲಸಕ್ಕೆ ಬರುವುದು ಸಹಾಯವಾಣಿಯೇ.

ಇನ್ನು ದೋಣಿಯ ಮೈಗೆ ಬರೋಣ. ಫೈಬರ್ ದೋಣಿಯೆಂದರೆ ಗಾಜಿನ ನಾರಿನ ಚಾಪೆಯನ್ನು ರಾಳದಲ್ಲಿ ಅದ್ದಿ ಪದರ ಪದರವಾಗಿ ಕಟ್ಟಿದ ಮೈ, ಅದರ ಹೊರಗೆ ಜೆಲ್‌ಕೋಟ್ ಎಂಬ ನುಣುಪಾದ ತೆಳು ಲೇಪ. ಈ ಲೇಪ ಚರ್ಮವಿದ್ದಂತೆ, ಒಳಗಿನ ರೋಗವೆಲ್ಲ ಮೊದಲು ಇಲ್ಲಿಯೇ ಕಾಣಿಸುತ್ತದೆ. ನೀರು ಒಳ ಹೊಕ್ಕಿದ್ದರೆ ಗುಳ್ಳೆ ಏಳುತ್ತದೆ, ಪೆಟ್ಟು ಬಿದ್ದಿದ್ದರೆ ಜೇಡರ ಬಲೆಯಂತೆ ಸಣ್ಣ ಬಿರುಕುಗಳು ಹರಡಿರುತ್ತವೆ, ಹಳೆಯ ತೇಪೆಯಿದ್ದಲ್ಲಿ ಬಣ್ಣದ ಛಾಯೆ ಬೇರೆಯಿರುತ್ತದೆ. ಹೊಸ ಬಣ್ಣ ಇದೆಲ್ಲವನ್ನೂ ಒಂದೇ ದಿನದಲ್ಲಿ ಅಳಿಸಿಹಾಕುತ್ತದೆ. ದೋಣಿ ಮಾರುವ ಮುನ್ನ ಬಣ್ಣ ಹೊಡೆಸುವುದು, ಸಂತೆಗೆ ಒಯ್ಯುವ ಎತ್ತಿನ ಮೈ ತೊಳೆದು ಕೋಡಿಗೆ ಎಣ್ಣೆ ಹಚ್ಚುವಂತೆ, ಸದುದ್ದೇಶದಿಂದಲೂ ಇರಬಹುದು. ಆದರೂ ಎತ್ತಿನ ಹಲ್ಲು ನೋಡದೆ ಯಾರೂ ಹಗ್ಗ ಹಿಡಿಯುವುದಿಲ್ಲ. ಬಣ್ಣ ಹೊಡೆಯುವ ಮುಂಚಿನ ಫೋಟೊ ಇದೆಯೇ ಎಂದು ಕೇಳಿ. ಈ ಕಾಲದಲ್ಲಿ ಯಾರ ಮೊಬೈಲಿನಲ್ಲಾದರೂ ಇದ್ದೇ ಇರುತ್ತದೆ. ಇಲ್ಲವೇ ಇಲ್ಲ ಎಂದರೆ ಅದೂ ಒಂದು ಉತ್ತರ.

ಬಣ್ಣದಡಿಯ ನಿಜ ತಿಳಿಯಲು ಕಿವಿ ಬೇಕು. ಐದು ರೂಪಾಯಿಯ ನಾಣ್ಯವನ್ನು ಹಿಡಿದು ದೋಣಿಯ ಮೈಯನ್ನು ನಾಲ್ಕು ಬೆರಳಿನ ಅಂತರದಲ್ಲಿ ಮೂತಿಯಿಂದ ಹಿಂಬದಿಯವರೆಗೆ ಬಡಿಯುತ್ತ ಹೋಗಿ. ಗಟ್ಟಿ ಇರುವಲ್ಲಿ ಟಣ್ ಎಂಬ ಗರಿಗರಿ ಸದ್ದು ಬರುತ್ತದೆ, ಪದರ ಬಿಟ್ಟಿರುವಲ್ಲಿ ಅಥವಾ ಒಳಗೆ ಕೊಳೆತಿರುವಲ್ಲಿ ಹಣ್ಣಾದ ಕುಂಬಳಕಾಯಿಗೆ ಬಡಿದಂತೆ ಮೊದ್ದು ಸದ್ದು. ಸದ್ದು ಬದಲಾದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಅಂಗೈಯಗಲದ ಒಂದೆರಡು ಗುರುತುಗಳಾದರೆ ದುರಸ್ತಿಯಾಗುತ್ತದೆ. ಗುರುತುಗಳು ಸೇರಿ ಗೆರೆಯಾದರೆ, ಮುಖ್ಯವಾಗಿ ತಳದ ಉದ್ದಕ್ಕೂ ಆದರೆ, ಆ ದೋಣಿ ಬೇಡ.

ನಾನು ಶೀರ್ಷಿಕೆಯಲ್ಲಿ ಬೆನ್ನು ಎಂದದ್ದು ಹಿಂಬದಿಯ ಹಲಗೆಯನ್ನು, ಯಾರ್ಡಿನವರು ಟ್ರಾನ್ಸಮ್ ಎನ್ನುವ ಭಾಗವನ್ನು. ಮೋಟರು ತೂಗುವುದೂ ತಳ್ಳುವುದೂ ಅದರ ಮೇಲೆಯೇ. ಹೊರಗೆ ಫೈಬರ್ ಕಂಡರೂ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಮೋಟರಿನ ಬೋಲ್ಟಿಗೆ ಕೊರೆದ ತೂತುಗಳಿಗೆ ಸರಿಯಾಗಿ ಸೀಲ್ ಮಾಡದಿದ್ದರೆ ಹನಿ ಹನಿಯಾಗಿ ನೀರು ಒಳಗಿಳಿದು ಪ್ಲೈವುಡ್ ಕೊಳೆಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಪರೀಕ್ಷೆ ಸರಳ: ಮೋಟರನ್ನು ಹಿಂದಕ್ಕೆ ಎತ್ತಿ ನಿಲ್ಲಿಸಿ, ಪ್ರೊಪೆಲ್ಲರಿನ ಕೆಳಗಿರುವ ರೆಕ್ಕೆಯ ಮೇಲೆ ಕೈಯಿಟ್ಟು ನಿಮ್ಮ ಮೈಭಾರ ಹಾಕಿ ಕೆಳಗೊತ್ತಿ. ಜೊತೆಗೆ ಬಂದವರು ಹಲಗೆ ಮತ್ತು ಪಕ್ಕದ ಮೈ ಕೂಡುವ ಎರಡು ಮೂಲೆಗಳನ್ನೇ ದಿಟ್ಟಿಸಲಿ. ಹಲಗೆ ಒಂದಿಷ್ಟು ಬಾಗಿದರೆ, ಮೂಲೆಯಲ್ಲಿ ಕೂದಲೆಳೆಯ ಬಿರುಕು ಬಾಯಿ ತೆರೆದು ಮುಚ್ಚಿದರೆ, ಬೋಲ್ಟಿನ ಬುಡದಿಂದ ಕಂದು ಬಣ್ಣದ ನೀರು ಒಸರಿದರೆ ಒಳಗೆ ಕೊಳೆತಿದೆ. ಹಲಗೆ ಬದಲಾಯಿಸುವುದು ಸಣ್ಣ ಕೆಲಸವಲ್ಲ, ದೋಣಿಯ ಹಿಂಭಾಗವನ್ನೇ ಕತ್ತರಿಸಿ ಹೊಸದಾಗಿ ಕಟ್ಟಬೇಕು. ಹಾಗೆಯೇ ಓಡಿಸಿದರೆ ಒಂದು ದಿನ ನಡುಹೊಳೆಯಲ್ಲಿ ಮೋಟರು ಹಲಗೆಯ ತುಂಡಿನ ಸಮೇತ ತಳ ಸೇರುತ್ತದೆ.

ತೂಕದ್ದು ಮತ್ತೊಂದು ಕಥೆ. ಕೆಲವು ವರ್ಷಗಳ ಹಿಂದೆ ಗದಗ ಜಿಲ್ಲೆಯ ಪರಿಚಿತರೊಬ್ಬರು ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗೆಂದು 14 ಅಡಿಯ ದೋಣಿ ತಂದರು. ಬಣ್ಣ ಚೆನ್ನಾಗಿತ್ತು, ಹಲಗೆ ಗಟ್ಟಿಯಿತ್ತು, ಆದರೆ ನೀರಿಗಿಳಿಸಿದರೆ ಮೂತಿ ಮೇಲೇಳುತ್ತಲೇ ಇರಲಿಲ್ಲ. ಅವರು ಮೋಟರನ್ನು ದೂರುತ್ತಿದ್ದರು. ನಾನು ದೋಣಿಯನ್ನು ಗೂಡ್ಸ್ ಗಾಡಿಯ ಮೇಲೆ ಹೇರಿಸಿ ಹುಬ್ಬಳ್ಳಿಯ ಒಂದು ವೇ-ಬ್ರಿಡ್ಜಿನಲ್ಲಿ ತೂಗಿಸಿ, ಖಾಲಿ ಗಾಡಿಯನ್ನು ಮತ್ತೆ ತೂಗಿಸಿದೆ. ಕಟ್ಟಿದವರು ಹೇಳಿದ್ದ ತೂಕಕ್ಕಿಂತ ದೋಣಿ 90 ಕಿಲೊ ಹೆಚ್ಚಿತ್ತು. ನೆಲಹಲಗೆಯ ಅಡಿಯಲ್ಲಿ ತೇಲಲೆಂದು ತುಂಬಿದ ಫೋಮು ವರ್ಷಗಟ್ಟಲೆ ನೀರು ಕುಡಿದಿತ್ತು. ತಳದ ಮೂಲೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಕೊರೆದು ಓರೆಯಾಗಿ ನಿಲ್ಲಿಸಿದರೆ ಮೂರು ದಿನ ನೀರು ಹನಿಯುತ್ತಲೇ ಇತ್ತು, ನಾಲ್ಕನೆಯ ದಿನ ಬಂದದ್ದು ನೀರಲ್ಲ, ಕಪ್ಪು ರಾಡಿ. ಮುಳುಗದಿರಲೆಂದು ಇಟ್ಟ ವಸ್ತುವೇ ಮುಳುಗಿಸುವ ಭಾರವಾಗಿತ್ತು. ವೇ-ಬ್ರಿಡ್ಜಿಗೆ ತಗಲುವ ಖರ್ಚು ಒಂದು ಊಟದಷ್ಟೂ ಇಲ್ಲ. ಕರಾವಳಿಯಲ್ಲಿಯೂ ಮಂಜುಗಡ್ಡೆ ಕಾರ್ಖಾನೆಗಳ ಆಸುಪಾಸು ಇವು ಸಿಗುತ್ತವೆ.

ಮೋಟರಿನ ಪರೀಕ್ಷೆಗೆ ಹೋಗುವ ದಿನ ಮುಂಚಿತವಾಗಿ ಸ್ಟಾರ್ಟ್ ಮಾಡಬೇಡಿರೆಂದು ಹೇಳಿಯೇ ಹೋಗಿ, ಹೋದ ಕೂಡಲೇ ಮೇಲಿನ ಮುಚ್ಚಳ ತೆಗೆದು ಸಿಲಿಂಡರಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮುನ್ನ ಅದನ್ನು ಹೇಗೋ ಎಬ್ಬಿಸಿ ಇಟ್ಟಿದ್ದಾರೆ ಎಂದರ್ಥ. ಸ್ಟಾರ್ಟ್ ಮಾಡುವ ಮೊದಲೇ ಕೆಳಗಿನ ಗೇರ್ ಪೆಟ್ಟಿಗೆಯ ಕೆಳ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಎಣ್ಣೆ ಬೀಳಿಸಿ ನೋಡಿ. ರಾತ್ರಿಯಿಡೀ ನಿಂತ ಮೋಟರಿನಲ್ಲಿ ನೀರು ಕೆಳಗಿಳಿದಿರುವುದರಿಂದ ಸೀಲ್ ಹೋಗಿದ್ದರೆ ಮೊದಲು ನೀರೇ ಬರುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೂ ಅದೇ ಅರ್ಥ. ಬೆರಳಿಗೆ ಲೋಹದ ಚೂರು ತಾಗಿದರೆ ಹಲ್ಲು ತೇಯುತ್ತಿದೆ.

ಒಣಗಿದ ನೆಲದ ಮೇಲೆ ಮೋಟರನ್ನು ಓಡಿಸಿ ತೋರಿಸಲು ಬಿಡಬೇಡಿ, ನೀರಿಲ್ಲದೆ ತಿರುಗಿದರೆ ಇಂಪೆಲ್ಲರ್ ಎಂಬ ರಬ್ಬರಿನ ನೀರೆತ್ತುವ ಚಕ್ರ ಬಹುಬೇಗ ಹಾಳಾಗುತ್ತದೆ. ಕನಿಷ್ಠ ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ ಓಡಿಸಲಿ. ಹಿಂಭಾಗದ ಸಣ್ಣ ತೂತಿನಿಂದ ನೀರಿನ ಧಾರೆ ನಿರಂತರವಾಗಿ ಬರಬೇಕು. ಧಾರೆ ತೆಳುವಾಗಿ ಕಡಿದು ಕಡಿದು ಬಂದರೆ ಇಂಪೆಲ್ಲರ್ ಸವೆದಿದೆ, ಅಥವಾ ತಂಪು ನೀರಿನ ದಾರಿಯಲ್ಲಿ ಉಪ್ಪು ಹೆಪ್ಪುಗಟ್ಟಿದೆ. ಮೊದಲನೆಯದು ಸಣ್ಣ ರಿಪೇರಿ, ಎರಡನೆಯದು ಮೋಟರಿನ ಆಯುಷ್ಯದ ಪ್ರಶ್ನೆ. ಸಮುದ್ರದಲ್ಲಿ ದುಡಿದ ಮೋಟರನ್ನು ಪ್ರತಿದಿನ ಸಿಹಿನೀರಿನಲ್ಲಿ ತೊಳೆಯಬೇಕು, ತೊಳೆಯುವವರು ಕಡಿಮೆ. ಬ್ರಾಕೆಟ್ಟಿನ ಹತ್ತಿರವಿರುವ ಸತುವಿನ ತುಂಡು ಮೋಟರಿನ ಬದಲಿಗೆ ತಾನು ತುಕ್ಕು ತಿಂದು ಅದನ್ನು ಕಾಯುತ್ತದೆ. ಅದು ಪೂರ್ತಿ ಕರಗಿ ಹೋಗಿದ್ದು ಬದಲಾಯಿಸದೆ ಬಿಟ್ಟಿದ್ದರೆ ಉಪ್ಪು ಆಮೇಲೆ ಏನನ್ನು ತಿಂದಿತೆಂದು ಊಹಿಸಬಹುದು. ಪ್ಲಗ್ ತೆಗೆದು, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿಸಿದರೆ ಎರಡು ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸವಿರಬಾರದು. ಗೇಜ್ ಇರುವ ಮೆಕ್ಯಾನಿಕ್ ಒಬ್ಬರನ್ನು ಅಲ್ಲಿಯೇ ಕರೆಸಿ, ಆದರೆ ಮಾರುವವರು ತೋರಿಸಿದ ಮೆಕ್ಯಾನಿಕ್ ಬೇಡ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನೀವು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಈ ಮೋಟರು ಪೆಟ್ರೋಲಿನದೋ ಸೀಮೆಎಣ್ಣೆಯದೋ? ಕರಾವಳಿಯ ನಾಡದೋಣಿಗಳಿಗೆ ಸರ್ಕಾರ ರಿಯಾಯಿತಿ ದರದ ಸೀಮೆಎಣ್ಣೆ ಕೊಡುತ್ತ ಬಂದದ್ದರಿಂದ ಅಲ್ಲಿಯ ಎಷ್ಟೋ ಮೋಟರುಗಳು ಪೆಟ್ರೋಲಿನಲ್ಲಿ ಎದ್ದು ಸೀಮೆಎಣ್ಣೆಯಲ್ಲಿ ಓಡುವಂಥವು. ಆ ರಿಯಾಯಿತಿ ತುಂಗಭದ್ರಾ ದಂಡೆಗೆ ಬರುವುದಿಲ್ಲ. ಕಡಿಮೆ ಕಂಪ್ರೆಶನ್ನಿಗೆ ಸಿದ್ಧಪಡಿಸಿದ ಆ ಮೋಟರನ್ನು ಪೂರ್ತಿ ಪೆಟ್ರೋಲಿನಲ್ಲಿ ಓಡಿಸಿದರೆ ಓಡುತ್ತದೆ, ಆದರೆ ಕೊಟ್ಟ ಪೆಟ್ರೋಲಿಗೆ ತಕ್ಕ ಶಕ್ತಿ ಸಿಗುವುದಿಲ್ಲ. ಬೆಲೆ ಕಡಿಮೆ ಏಕಿದೆ ಎಂಬುದಕ್ಕೆ ಹಲವು ಬಾರಿ ಇದೇ ಕಾರಣ.

ಎಲ್ಲವೂ ಸರಿಯಿದೆಯೆಂದುಕೊಳ್ಳೋಣ. ಆದರೂ ಸಮುದ್ರಕ್ಕೆ ಒಳ್ಳೆಯದಾದ ದೋಣಿ ಹೊಳೆಗೆ ಒಳ್ಳೆಯದಾಗಬೇಕೆಂದಿಲ್ಲ. ಅಲೆ ಸೀಳುವುದಕ್ಕೆಂದು ಚೂಪು ತಳ, ಉದ್ದ ಏಣು ಇಟ್ಟು ಕಟ್ಟಿದ ದೋಣಿ ಹೆಚ್ಚು ಆಳ ಬೇಡುತ್ತದೆ. ಫೆಬ್ರವರಿ ದಾಟಿದ ಮೇಲೆ ನಿಮ್ಮ ಕಡೆ ಹೊಳೆಯಲ್ಲಿ ಬಂಡೆಗಳೂ ಮರಳು ದಿಬ್ಬಗಳೂ ತಲೆಯೆತ್ತುವುದನ್ನು ನೀವೇ ಕಂಡಿದ್ದೀರಿ. ನಮ್ಮ ಅಂಬಿಗರು ಚಪ್ಪಟೆ ತಳದ ಹರಿಗೋಲನ್ನು ಅಷ್ಟು ಕಾಲ ಬಿಡದೆ ಹಿಡಿದದ್ದು ಬಡತನಕ್ಕಷ್ಟೇ ಅಲ್ಲ, ಹೊಳೆಯ ಸ್ವಭಾವ ತಿಳಿದು. ಚೂಪು ತಳದ ದೋಣಿ ನಿಮಗೆ ವರ್ಷದಲ್ಲಿ ನಾಲ್ಕೈದು ತಿಂಗಳು ದಂಡೆಯ ಅಲಂಕಾರವಾದೀತು.

ಇನ್ನು ಪ್ರವಾಸಿಗರ ವಿಚಾರ. ಇಲ್ಲಿ ನನ್ನ ಅಭಿಪ್ರಾಯ ಗಡುಸಾಗಿದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯ ಪ್ರಕಾರ ಯಂತ್ರಚಾಲಿತ ನೌಕೆಗೆ ಸರ್ವೆ (ನೌಕೆಯ ತಪಾಸಣೆ) ಪ್ರಮಾಣಪತ್ರ, ನೋಂದಣಿ, ವಿಮೆ ಮತ್ತು ಓಡಿಸುವವರ ಅರ್ಹತಾ ಪತ್ರ ಬೇಕು. ಮೀನುಗಾರಿಕೆಗೆಂದು ಕಟ್ಟಿದ ದೋಣಿಗೆ ನಾಲ್ಕು ಕುರ್ಚಿ ಜೋಡಿಸಿದ ಮಾತ್ರಕ್ಕೆ ಅದು ಜನರ ದೋಣಿಯಾಗುವುದಿಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಸತ್ತದ್ದು ಮೀನುಗಾರಿಕಾ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿದ್ದರಲ್ಲಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಹಿಂದಿರುಗುವಾಗ ಮಗುಚಿದ ದೋಣಿಯಲ್ಲಿ ಸತ್ತ 16 ಜನರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು. 16 ಅಡಿ ಉದ್ದ, 5 ಅಡಿ ಅಗಲದ ದೋಣಿಗೆ, ಉದ್ದ ಅಗಲಗಳನ್ನು ಗುಣಿಸಿ 15ರಿಂದ ಭಾಗಿಸುವ ಸ್ಥೂಲ ಲೆಕ್ಕದಲ್ಲಿ, ಓಡಿಸುವವರನ್ನೂ ಸೇರಿಸಿ ಐದೇ ಜನ. ರಜಾ ದಿನ ದಂಡೆಯಲ್ಲಿ ಹನ್ನೆರಡು ಜನ ನಿಂತು ಹಣ ಚಾಚಿದಾಗ ಐದಕ್ಕೆ ನಿಲ್ಲಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದ್ದರಿಂದ ಈ ದೋಣಿಯನ್ನು ಮೀನಿಗೆ ಮಾತ್ರ ಇಟ್ಟುಕೊಳ್ಳುವುದಾದರೆ ಮುಂದುವರಿಯಿರಿ, ಅದಕ್ಕೂ ಮೀನುಗಾರಿಕೆ ಇಲಾಖೆಯಲ್ಲಿ ಆ ಭಾಗದ ಹೊಳೆಯಲ್ಲಿ ಬಲೆ ಹಾಕುವ ಪರವಾನಗಿಯ ಸ್ಥಿತಿ ಕೇಳಿಕೊಂಡೇ. ಪ್ರವಾಸಿಗರಿಗೆ ದೋಣಿ ನಡೆಸುವ ಮನಸ್ಸಿದ್ದರೆ ಮೊದಲು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಗೆ, ಅದರ ಪ್ರಧಾನ ಕಚೇರಿ ಕಾರವಾರದಲ್ಲಿದೆ, ಬರೆದು ಯಾವ ಬಗೆಯ ದೋಣಿಗೆ ಸರ್ವೆ ಸಿಗುತ್ತದೆಂದು ತಿಳಿದು, ಅಂಥದ್ದನ್ನೇ ಕೊಳ್ಳಿ. ಮೊದಲು ಕೊಂಡು ಆಮೇಲೆ ಅನುಮತಿ ಕೇಳುವುದು ಈ ವಿಷಯದಲ್ಲಿ ನಡೆಯುವುದಿಲ್ಲ.

ಪರೀಕ್ಷೆಯಲ್ಲಿ ದೋಣಿ ಪಾಸಾದರೆ ಛಾಪಾ ಕಾಗದದ ಮೇಲೆ ಕರಾರು ಬರೆಸಿ. ಅಚ್ಚಿನ ಮಾದರಿ ಸಾಲದು. ಮೋಟರಿನ ಸೀರಿಯಲ್ ನಂಬರು, ದೋಣಿಯ ಉದ್ದಗಲ, ಮಾರುವವರೇ ಒಡೆಯರು, ಸಾಲ ಸಹಾಯಧನಗಳ ಬಾಧೆಯಿಲ್ಲ, ಯಾವ ಪೊಲೀಸ್ ಪ್ರಕರಣದಲ್ಲಿಯೂ ಸಿಲುಕಿಲ್ಲ, ಹಿಂಬದಿಯ ಹಲಗೆ ಬದಲಾಗಿಲ್ಲ ಅಥವಾ ಇಂಥ ವರ್ಷ ಬದಲಾಗಿದೆ ಎಂಬ ಮಾತುಗಳು ಅವರ ಸಹಿಯ ಮೇಲೆ ಇರಬೇಕು. ನಾನು ಮೇಲೆ ಹೇಳಿದ ಕಾಯ್ದೆಯ ತೊಡಕು ಸಡಿಲವಾಗುವುದು ಇಲ್ಲಿಯೇ, ಬಾಯಿಮಾತಿನ ಭರವಸೆ ಬರಹವಾದಾಗ ಗುಣಮಟ್ಟದ ಷರತ್ತೂ ಕರಾರಿನ ಭಾಗವಾಗುತ್ತದೆ. ಸಾಗಣೆಯ ಹೊಣೆ ಯಾರದೆಂದೂ ಬರೆಸಿ. ಬೇರೆ ಮಾತಾಗದಿದ್ದರೆ ಒಡೆತನ ಬದಲಾದ ಗಳಿಗೆಯಿಂದ ನಷ್ಟದ ಹೊಣೆಯೂ ಕೊಂಡವರದೇ. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಬರುವ ದಾರಿಯಲ್ಲಿ, ಅಡಿಗೆ ಹಳೆಯ ಟಯರು ಹಾಸದೆ ಎರಡೇ ಕಟ್ಟಿಗೆಯ ಮೇಲೆ ಕೂರಿಸಿದ ದೋಣಿಯ ತಳ ಬಿರಿದದ್ದನ್ನು ಕಂಡಿದ್ದೇನೆ.

ಹೋಗುವ ಕಾಲವನ್ನೂ ಯೋಚಿಸಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, 10 ಎಚ್‌ಪಿಗಿಂತ ಹೆಚ್ಚಿನ ಮೋಟರಿನ ನಾಡದೋಣಿಗಳಿಗೂ ಅದು ಅನ್ವಯಿಸುತ್ತದೆ. ಆಗ ದೋಣಿಗಳೆಲ್ಲ ದಡದ ಮೇಲಿರುತ್ತವೆ, ಅಡಿಯನ್ನು ನೋಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ, ಬೆಲೆಯೂ ಇಳಿದಿರುತ್ತದೆ. ಆದರೆ ಅಬ್ಬರದ ಸಮುದ್ರದಲ್ಲಿ ಓಡಿಸಿ ನೋಡಲಾಗದು. ಹಾಗಾಗಿ ಆಗ ಹೋದರೆ ನೀರಿನಲ್ಲಿ ಓಡಿಸಿದ ಮೇಲೆ ಕೊಡುವುದೆಂದು ಮೂರನೆಯ ಒಂದು ಭಾಗದಷ್ಟು ಹಣವನ್ನು ತಡೆದಿಟ್ಟುಕೊಳ್ಳಿ. ಒಪ್ಪದಿದ್ದರೆ ಅವಸರಿಸುತ್ತಿರುವ ಇತರ ಗಿರಾಕಿಗಳಿಗೇ ಆ ದೋಣಿ ಹೋಗಲಿ.

ಕೊನೆಗೆ, ಹೋಗುವಾಗ ಅಳತೆ ಟೇಪ್ ಮರೆಯಬೇಡಿ. ಮೋಟರಿನ ಕಾಲು ಸಾಮಾನ್ಯವಾಗಿ 15 ಅಂಗುಲದ್ದು ಅಥವಾ 20 ಅಂಗುಲದ್ದು ಇರುತ್ತದೆ, ಹಿಂಬದಿ ಹಲಗೆಯ ಎತ್ತರವೂ ಅದಕ್ಕೆ ಹೊಂದಬೇಕು. ಪ್ರೊಪೆಲ್ಲರಿನ ಮೇಲಿರುವ ಅಗಲ ತಟ್ಟೆ ದೋಣಿಯ ತಳದ ಮಟ್ಟಕ್ಕೆ, ಹೆಚ್ಚೆಂದರೆ ಒಂದಂಗುಲ ಕೆಳಗೆ ನಿಲ್ಲಬೇಕು. ದೋಣಿ ಒಬ್ಬರದು, ಮೋಟರು ಇನ್ನೊಬ್ಬರದು ಎಂಬ ಜೋಡಿಗಳಲ್ಲಿ, ನಿಮ್ಮದೂ ಅಂಥದ್ದೇ ಇರಬಹುದೆಂದು ಆ ಬಿಲ್ಲು ನೋಡಿದರೆ ನನಗೆ ಅನುಮಾನ, ಈ ಎರಡು ಅಳತೆ ಕೂಡುವುದು ಅಪರೂಪ. ಅಳೆದು ಬರೆದು ಕಳುಹಿಸಿ, ಮೋಟರಿನ ಫಲಕದ ಸ್ಪಷ್ಟ ಫೋಟೊವನ್ನೂ ಸೇರಿಸಿ. 1,85,000 ಹೆಚ್ಚೋ ಕಡಿಮೆಯೋ ಎಂಬುದನ್ನು ಅವು ಕೈಗೆ ಬಂದ ಮೇಲೆ ಹೇಳುತ್ತೇನೆ.